ಎಂಟು ಎಲೆಕ್ಟ್ರಾನ್ ಬೇಕು ಅಂತ ಸೋಡಿಯಂಗೆ ಹೇಗೆ ಗೊತ್ತು? ಹತ್ತನೇ ಕ್ಲಾಸಿನ ರಾಸಾಯನಿಕ ಬಂಧದ ಬಗ್ಗೆ ಸಹಾಯ ಬೇಕು

ಅರಸೀಕೆರೆ_ಅಮ್ಮ:
ಮಗಳು ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ಲೋಹ, ಅಲೋಹದ ಪಾಠ ಮುಗಿದು ಕಾರ್ಬನ್ ಪಾಠ ಶುರುವಾಗಿದೆ. ನಾನು ಓದಿದ್ದು ಬಿ.ಕಾಂ. ಡೆಬಿಟ್ಟು, ಕ್ರೆಡಿಟ್ಟು ಕೇಳಿದರೆ ಹೇಳಿಯೇನು. ಇವಳು ಕೇಳುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸೋಡಿಯಂನ ಹೊರಕವಚದಲ್ಲಿ 1 ಎಲೆಕ್ಟ್ರಾನ್, ಕ್ಲೋರಿನ್‌ನಲ್ಲಿ 7. ಇದು ಕೊಡುತ್ತದೆ, ಅದು ತಗೊಳ್ಳುತ್ತದೆ, ಇಬ್ಬರಿಗೂ 8 ಆಗುತ್ತದೆ. ಇಲ್ಲಿವರೆಗೆ ಸರಿ. ‘ಎಂಟು ಬೇಕು ಅಂತ ಅದಕ್ಕೆ ಯಾರು ಹೇಳಿದ್ರು?’ ಅಂತ ಕೇಳುತ್ತಾಳೆ. ಕ್ಲಾಸಿನಲ್ಲಿ ಕೇಳಿದ್ದಕ್ಕೆ ‘ಅದು ನಿಯಮ, ಬರ್ಕೋ’ ಅಂದರಂತೆ.

ಎರಡನೇದು, ಕಾರ್ಬನ್ 4 ಎಲೆಕ್ಟ್ರಾನ್ ಕೊಡಲೂ ಆಗಲ್ಲ, 4 ತಗೊಳ್ಳಲೂ ಆಗಲ್ಲ, ಅದಕ್ಕೇ ಹಂಚಿಕೊಳ್ಳುತ್ತದೆ ಅಂತ ಪುಸ್ತಕದಲ್ಲಿದೆ. ಯಾಕೆ ಆಗಲ್ಲ? ಮೂರನೇದು, ಹೀಗೆ ಎಲೆಕ್ಟ್ರಾನ್ ಹಂಚಿಕೊಂಡು ಆದ ಸಹವೇಲೆನ್ಸೀಯ ಸಂಯುಕ್ತಗಳಲ್ಲಿ ವಿದ್ಯುತ್ ಹರಿಯಲ್ಲ ಅಂತ ಒಂದು ಕಡೆ, ಗ್ರಾಫೈಟ್‌ನಲ್ಲಿ ಹರಿಯುತ್ತದೆ ಅಂತ ಇನ್ನೊಂದು ಕಡೆ. ಯಾವುದು ನಿಜ? ದಯವಿಟ್ಟು ನನಗೆ ಅರ್ಥವಾಗುವ ಹಾಗೆ ಹೇಳಿ.

ಲಾಸ್ಟ್‌ಬೆಂಚ್_ಲೋಕ:
ಅಕ್ಕಾ, ಎರಡು ಮಾರ್ಕ್ಸ್ ಪ್ರಶ್ನೆಗೆ ಇಷ್ಟೊಂದು ತಲೆ ಯಾಕೆ? ಎಲೆಕ್ಟ್ರಾನ್‌ಗೆ ಒಂದೊಂದು ಚುಕ್ಕಿ ಇಟ್ಟು ಚಿತ್ರ ಬರೆಯೋದು ಕಲಿಸಿ ಸಾಕು. ನಾನು ಹಾಗೇ ಪಾಸಾಗಿದ್ದು.

ಪಿಯು_ಮೇಷ್ಟ್ರು:
ಲೋಕಣ್ಣ, ಹಾಗೆ ಪಾಸಾಗಿ ಬಂದವರೇ ಪ್ರಥಮ ಪಿಯುಸಿಯಲ್ಲಿ ನನ್ನ ಎದುರು ಕೂತು ಪಿಳಿಪಿಳಿ ಅಂತ ನೋಡುವುದು.

ಅಮ್ಮನವರೇ, ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಸೋಡಿಯಂಗೆ ಏನೂ ಗೊತ್ತಿಲ್ಲ, ಅದಕ್ಕೆ ಏನೂ ಬೇಕಾಗಿಯೂ ಇಲ್ಲ. ಅಷ್ಟೇ ಅಲ್ಲ, ಸೋಡಿಯಂ ಎಲೆಕ್ಟ್ರಾನನ್ನು ಸುಮ್ನೆ ಕೊಡುವುದೂ ಇಲ್ಲ, ಕಿತ್ತುಕೊಳ್ಳಬೇಕು. ಒಂದು ಮೋಲ್ (ಡಜನ್ ಇದ್ದ ಹಾಗೆ, ಪರಮಾಣು ಎಣಿಸುವ ದೊಡ್ಡ ಲೆಕ್ಕ) ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು 496 ಕಿಲೋಜೂಲ್ ಶಕ್ತಿ ನಾವು ಹಾಕಬೇಕು. ಕ್ಲೋರಿನ್ ಆ ಎಲೆಕ್ಟ್ರಾನ್ ತಗೊಂಡಾಗ ವಾಪಸ್ ಬರುವುದು 349. ನೀವು ಬಿ.ಕಾಂ. ಅಂದಿರಲ್ಲ, ಲೆಕ್ಕ ನೀವೇ ನೋಡಿ: 147 ಕಿಲೋಜೂಲ್ ನಷ್ಟ. ಬರೀ ಕೊಟ್ಟು ತಗೊಂಡರೆ ವ್ಯವಹಾರ ಲಾಸು.

ಲಾಭ ಬರುವುದು ಆಮೇಲೆ. ಒಂದು ಧನ ಅಯಾನು, ಇನ್ನೊಂದು ಋಣ ಅಯಾನು (ಅಯಾನು ಅಂದರೆ ಆವೇಶ ಹೊತ್ತ ಕಣ) ಆದ ಮೇಲೆ ಅವು ಒಂದನ್ನೊಂದು ಸೆಳೆಯುತ್ತವೆ. ಎರಡೇ ಎರಡು ಅಲ್ಲ, ಲೆಕ್ಕವಿಲ್ಲದಷ್ಟು ಅಯಾನುಗಳು ಸಾಲುಸಾಲಾಗಿ ಜೋಡಿಸಿಕೊಂಡು ಹರಳು ಆಗುತ್ತವೆ. ಆಗ ಹೊರಬರುವ ಶಕ್ತಿ ಮೋಲ್‌ಗೆ ಸುಮಾರು 787 ಕಿಲೋಜೂಲ್. ಇಡೀ ಕೆಲಸ ನಡೆಯುವುದು ಈ 787ರ ಬಲದ ಮೇಲೆ. ಗಟ್ಟಿ ಸೋಡಿಯಂನಿಂದ ಪರಮಾಣು ಬಿಡಿಸಲು 107, ಅರ್ಧ ಮೋಲ್ ಕ್ಲೋರಿನ್ ಅಣು ಒಡೆಯಲು 121, ಇವನ್ನೂ ಖರ್ಚಿಗೆ ಹಾಕಿ. ಕೊನೆಗೆ 411ರ ಹತ್ತಿರ ಉಳಿಯುತ್ತದೆ. ಪ್ರಯೋಗದಲ್ಲಿ ಅಳೆದರೂ ಅಷ್ಟೇ ಸಿಗುತ್ತದೆ.

ಹಾಗಾದರೆ ಎಂಟು ಎಲ್ಲಿಂದ ಬಂತು? ಸೋಡಿಯಂನ ಮೊದಲ ಎಲೆಕ್ಟ್ರಾನ್ ಕೀಳಲು 496 ಅಂದೆ. ಎರಡನೆಯದನ್ನು ಕೀಳಲು 4562! ಯಾಕೆಂದರೆ ಅದು ಒಳಗಿನ ಕವಚದ್ದು, ನ್ಯೂಕ್ಲಿಯಸ್ ಅದನ್ನು ಬಿಗಿಯಾಗಿ ಹಿಡಿದಿದೆ. ಅಷ್ಟು ಖರ್ಚನ್ನು ಯಾವ ಹರಳೂ ತುಂಬಿಕೊಡುವುದಿಲ್ಲ. ಕ್ಲೋರಿನ್ ಕಡೆಯೂ ಹಾಗೇ. ಎಂಟು ಆದ ಮೇಲೆ ಬರುವ ಎಲೆಕ್ಟ್ರಾನ್ ಮುಂದಿನ ಕವಚದಲ್ಲಿ, ದೂರದಲ್ಲಿ ಕೂರಬೇಕು, ಹಿಡಿತವೇ ಸಿಗಲ್ಲ. ಹಾಗಾಗಿ ಲೆಕ್ಕ ಬಹಳಷ್ಟು ಸಲ ಎಂಟಕ್ಕೆ ಬಂದು ನಿಲ್ಲುತ್ತದೆ.

ಅರಸೀಕೆರೆ_ಅಮ್ಮ:
ಅಯ್ಯೋ ಸರ್, ಜಮಾ ಖರ್ಚು ಅಂದ ಕೂಡಲೇ ಅರ್ಥ ಆಯಿತು! ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ.

ಹೈಸ್ಕೂಲ್_ಸೈನ್ಸ್:
ಮೇಷ್ಟ್ರೇ, ನಮಸ್ಕಾರ. ನಾನೂ ಮೇಷ್ಟ್ರೇ, ಸರ್ಕಾರಿ ಪ್ರೌಢಶಾಲೆಯಲ್ಲಿ. ನಿಮ್ಮ ಲೆಕ್ಕ ತಪ್ಪು ಅನ್ನಲ್ಲ. ಆದರೆ ನನ್ನ ಕ್ಲಾಸಿಗೆ ಬಂದು 496, 349, 787 ಅಂತ ಬೋರ್ಡ್ ಮೇಲೆ ಬರೆದು ನೋಡಿ. ಮೋಲ್ ಅಂದರೆ ಏನು ಅಂತ ಅರ್ಧ ಮಕ್ಕಳಿಗೆ ಇನ್ನೂ ಗಟ್ಟಿಯಾಗಿಲ್ಲ. ಅದಕ್ಕೇ ನಾವು ‘ಸೋಡಿಯಂ ದಾನಿ, ಕ್ಲೋರಿನ್ ಬೇಡುವವನು’ ಅಂತ ಕಥೆ ಹೇಳುತ್ತೇವೆ. ಮಕ್ಕಳು ನಗುತ್ತಾರೆ, ನೆನಪಲ್ಲಿ ಉಳಿಯುತ್ತದೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಅಷ್ಟಕ ನಿಯಮ, ಅಂದರೆ ಈ ಎಂಟರ ನಿಯಮ, ಹೈಸ್ಕೂಲಿಗೆ ಸಾಕು. ಎಲ್ಲವನ್ನೂ ಹತ್ತನೇ ಕ್ಲಾಸಿನಲ್ಲೇ ತುರುಕಿದರೆ ಮಕ್ಕಳು ವಿಜ್ಞಾನ ಬಿಟ್ಟು ಓಡುತ್ತಾರೆ.

ಪಿಯು_ಮೇಷ್ಟ್ರು:
ನಿಯಮ ಬೇಡ ಅಂತ ನಾನು ಹೇಳಿಲ್ಲ ಸರ್. ಸೂತ್ರ ಬರೆಯಲು, ಚುಕ್ಕಿ ಇಡಲು ಅದು ಬೇಕೇ ಬೇಕು. ನನ್ನ ತಕರಾರು ‘ಯಾಕೆ’ ಅಂತ ಕೇಳಿದಾಗ ಅದನ್ನೇ ಉತ್ತರವಾಗಿ ಕೊಡುವುದರ ಬಗ್ಗೆ. ದಾನಿಯ ಕಥೆಗೆ ಬೇರೆ ತೊಂದರೆಯೂ ಇದೆ. ದಾನ ಕೊಟ್ಟವನು, ತಗೊಂಡವನು ಇಬ್ಬರೇ ಜೋಡಿ ಅಂತ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ‘ಉಪ್ಪಿನ ಅಣುವಿನ ಚಿತ್ರ ಬರಿ’ ಅಂದರೆ ಒಂದು ಸೋಡಿಯಂ, ಒಂದು ಕ್ಲೋರಿನ್, ಮಧ್ಯೆ ಗೀಟು. ಉಪ್ಪಿನ ಹರಳಿನಲ್ಲಿ ಅಣುವೇ ಇಲ್ಲ! ಒಂದೊಂದು ಸೋಡಿಯಂ ಅಯಾನಿನ ಸುತ್ತ 6 ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ 6 ಸೋಡಿಯಂ. ಎಲೆಕ್ಟ್ರಾನ್ ಯಾರಿಂದ ಯಾರಿಗೆ ಹೋಯಿತು ಅನ್ನುವುದಕ್ಕೆ ಅಲ್ಲಿ ಬೆಲೆಯೇ ಇಲ್ಲ.

ಕುಮಟಾ_ಮಾಣಿ:
ಉಪ್ಪಿನ ಸುದ್ದಿ ಬಂತಲ್ಲ, ನಾನೂ ಬಂದೆ. ನಮ್ಮ ಕಡೆ ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರ ಇದೆ, ಗೊತ್ತಿರಬಹುದು. ಅಲ್ಲಿಯ ಹರಳುಪ್ಪು ಒಂದು ಚಿಟಿಕೆ ಕಪ್ಪು ಕಾಗದದ ಮೇಲೆ ಹಾಕಿ, ಭೂತಗನ್ನಡಿ ಹಿಡಿದು ನೋಡಿ ಮಾರಾಯ್ರೆ. ಮೂಲೆಗಳು ಚೌಕ ಚೌಕ. ಒಡೆದುಹೋದ ಹರಳಿನಲ್ಲೂ ಎಲ್ಲೋ ಒಂದು ಕಡೆ ನೇರ ಅಂಚು, 90 ಡಿಗ್ರಿ ಮೂಲೆ ಕಾಣುತ್ತದೆ. ಒಳಗೆ ಅಯಾನುಗಳು ಘನಾಕೃತಿಯಲ್ಲಿ ಜೋಡಿಸಿಕೊಂಡದ್ದೇ ಹೊರಗೂ ಕಾಣುವುದು.

ಮನೆಯಲ್ಲೇ ಮಾಡಿ ನೋಡಬಹುದು. ಬಿಸಿ ನೀರಿಗೆ ಕರಗುವಷ್ಟು ಉಪ್ಪು ಹಾಕಿ, ಬಟ್ಟೆಯಲ್ಲಿ ಸೋಸಿ, ಅಗಲ ತಟ್ಟೆಯಲ್ಲಿ ಹಾಕಿ ಅಲುಗಾಡಿಸದೆ ಇಡಿ. ಬಿಸಿಲಿಗೆ ಬೇಡ, ನೆರಳಲ್ಲಿ ನಿಧಾನ ಒಣಗಬೇಕು. ಮೊದಲು ನೀರಿನ ಮೇಲೆ ಸಣ್ಣ ಸಣ್ಣ ಚೌಕ ತೇಲುತ್ತವೆ, ನಡುವೆ ಕುಳಿ ಬಿದ್ದ ಹಾಗೆ ಇರುತ್ತದೆ. ಆಮೇಲೆ ಭಾರವಾಗಿ ತಳಕ್ಕೆ ಇಳಿಯುತ್ತವೆ. ನನ್ನ ತಂಗಿ ಮಗ ನೋಡಿದವನೇ ‘ಯಾರು ಕತ್ತರಿಸಿದ್ದು?’ ಅಂದ.

ದಪ್ಪ ಹರಳು ಸಿಕ್ಕಿದರೆ ಸುತ್ತಿಗೆಯಲ್ಲಿ ಹೊಡೆಯಿರಿ. ಚಪ್ಪಟೆ ಆಗಲ್ಲ, ಪುಡಿ ಆಗುತ್ತದೆ. ಏಟಿಗೆ ಒಂದು ಪದರ ಸ್ವಲ್ಪ ಜರುಗಿದರೆ ಧನದ ಎದುರು ಧನ, ಋಣದ ಎದುರು ಋಣ ಬಂದುಬಿಡುತ್ತದೆ. ಸೆಳೆಯುತ್ತಿದ್ದವು ತಳ್ಳಲು ಶುರು. ಅದಕ್ಕೇ ಒಡೆಯುವುದು.

ಲಾಸ್ಟ್‌ಬೆಂಚ್_ಲೋಕ:
ಮಾಣಿ, ಸಾಣಿಕಟ್ಟಾ ಉಪ್ಪು ಬೆಂಗಳೂರಲ್ಲಿ ಎಲ್ಲಿ ಸಿಗುತ್ತೆ? ಉಪ್ಪಿನಕಾಯಿಗೆ ಒಳ್ಳೇದು ಅಂತ ಅಜ್ಜಿ ಹೇಳ್ತಿದ್ರು.

ಕುಮಟಾ_ಮಾಣಿ:
ಈ ಕಡೆ ಬರುವವರ ಕೈಲಿ ತರಿಸಿಕೊಳ್ಳಿ. ಅಪ್ಪೆಮಿಡಿಗೆ ಅದೇ ಆಗಬೇಕು, ಬೇರೆ ಮಾತಿಲ್ಲ.

ಮಲ್ಲೇಶ್ವರಂ_ಮೀನಾ:
ವಿಷಯಕ್ಕೆ ಬನ್ನಿ 😄

ಈ ಎಂಟರ ಕಥೆಗೆ ಇತಿಹಾಸವೂ ಇದೆ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1902ರಲ್ಲೇ ಪರಮಾಣುವನ್ನು ಘನಾಕೃತಿಯಾಗಿ ಬರೆದುಕೊಂಡಿದ್ದರು, 8 ಮೂಲೆಗೆ 8 ಎಲೆಕ್ಟ್ರಾನ್. ಅದನ್ನು ಪ್ರಕಟಿಸಿದ್ದು 1916ರಲ್ಲಿ. ಜೋಡಿ ಎಲೆಕ್ಟ್ರಾನ್ ಹಂಚಿಕೊಂಡರೆ ಬಂಧ ಆಗುತ್ತದೆ ಅಂದದ್ದೂ ಅದೇ ಲೇಖನದಲ್ಲಿ. ಅದೇ ವರ್ಷ ಜರ್ಮನಿಯಲ್ಲಿ ವಾಲ್ಟರ್ ಕೊಸೆಲ್ ಎಲೆಕ್ಟ್ರಾನ್ ವರ್ಗಾವಣೆಯ ವಿಚಾರ ಹೇಳಿದರು. ಅಂದರೆ ಇದು ಕ್ವಾಂಟಂ ಮೆಕ್ಯಾನಿಕ್ಸ್ ಬರುವ ಮೊದಲಿನ ಮಾತು! ಯಾವ ಯಾವ ಸಂಯುಕ್ತ ಸಿಗುತ್ತದೆ ಅಂತ ನೋಡಿ, ಅದರಲ್ಲಿ ಕಂಡ ಕ್ರಮವನ್ನು ನಿಯಮ ಮಾಡಿದರು. ಲೂಯಿಸ್ ಅವರಿಗೆ ನೊಬೆಲ್ ಕೊಡಲೇ ಇಲ್ಲ, ಅದು ಬೇರೆ ಅನ್ಯಾಯ. ಬಂಧದ ಬಗ್ಗೆ ಕೆಲಸ ಮಾಡಿದ ಲೈನಸ್ ಪೌಲಿಂಗ್‌ಗೆ 1954ರಲ್ಲಿ ಬಂತು.

ಜಡಾನಿಲಗಳು ಯಾವುದರ ಜೊತೆಗೂ ಸೇರಲ್ಲ ಅಂತಲೂ ಬಹಳ ಕಾಲ ನಂಬಿದ್ದರು. 1962ರಲ್ಲಿ ನೀಲ್ ಬಾರ್ಟ್‌ಲೆಟ್ ಕ್ಸೆನಾನ್‌ನ ಸಂಯುಕ್ತ ಮಾಡಿ ತೋರಿಸಿದರು. ಎಂಟು ತುಂಬಿದ್ದರೂ ಸೇರಿತು.

ಸಿಇಟಿ_ಕನಸು:
ಮೀನಾ ಮೇಡಂ ಹೇಳಿದ್ದಕ್ಕೆ ಇನ್ನೊಂದಿಷ್ಟು. ಬೋರಾನ್ ಟ್ರೈಫ್ಲೋರೈಡ್‌ನಲ್ಲಿ ಬೋರಾನ್ ಸುತ್ತ 6 ಎಲೆಕ್ಟ್ರಾನ್ ಮಾತ್ರ. ಫಾಸ್ಫರಸ್ ಪೆಂಟಾಕ್ಲೋರೈಡ್‌ನಲ್ಲಿ 10. ಸಲ್ಫರ್ ಹೆಕ್ಸಾಫ್ಲೋರೈಡ್‌ನಲ್ಲಿ 12. ನೈಟ್ರಿಕ್ ಆಕ್ಸೈಡ್‌ನಲ್ಲಿ ವೇಲೆನ್ಸ್ (ಹೊರಕವಚದ) ಎಲೆಕ್ಟ್ರಾನ್ 11, ಬೆಸ ಸಂಖ್ಯೆ, ಎಂಟು ಹೊಂದಿಸಲು ಬರುವುದೇ ಇಲ್ಲ. ದ್ರವ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ, ಚುಕ್ಕಿ ರಚನೆ ನೋಡಿದರೆ ಅಂಟಬಾರದು. ಅದಕ್ಕೆ ಮಾಲಿಕ್ಯುಲರ್ ಆರ್ಬಿಟಲ್ ಥಿಯರಿ ಬೇಕು, ಸಿಗ್ಮಾ, ಪೈ, ಆಂಟಿಬಾಂಡಿಂಗ್...

ಹೈಸ್ಕೂಲ್_ಸೈನ್ಸ್:
ತಮ್ಮಾ, ನಿಲ್ಲಿಸು. ಆ ಹುಡುಗಿ ಇನ್ನೂ ಹತ್ತನೇ ಕ್ಲಾಸು.

ಸಿಇಟಿ_ಕನಸು:
ಸರಿ ಸರ್ 🙏

ಗದಗ_ಗೆಳೆಯ:
ಒಂದು ಮಾತ್ರ ಸೇರಿಸಲು ಬಿಡ್ರಿ, ಇದು ಹೈಸ್ಕೂಲಿಗೂ ನಡೀತದ. ಆಕ್ಸಿಜನ್‌ಗೆ ಎಂಟು ತುಂಬಿಸಲು 2 ಎಲೆಕ್ಟ್ರಾನ್ ಬೇಕು, ಹೌದಲ್ರೀ? ಮೊದಲನೆಯದನ್ನು ತಗೊಂಡಾಗ 141 ಕಿಲೋಜೂಲ್ ಹೊರಗೆ ಬರುತ್ತದೆ. ಎರಡನೆಯದನ್ನು ತಗೊಳ್ಳಲು ಉಲ್ಟಾ 700ಕ್ಕೂ ಜಾಸ್ತಿ ಕಿಲೋಜೂಲ್ ನಾವೇ ಹಾಕಬೇಕು! ಆಗಲೇ ಋಣ ಆವೇಶ ಇರುವ ಅಯಾನು ಇನ್ನೊಂದು ಎಲೆಕ್ಟ್ರಾನನ್ನು ತಳ್ಳುತ್ತದೆ. ಎಂಟು ಆಗಬೇಕು ಅನ್ನುವುದೇ ಕಾರಣ ಆಗಿದ್ದರೆ ಇಷ್ಟು ಖರ್ಚು ಯಾಕೆ? ಆದರೂ ಮೆಗ್ನೀಸಿಯಂ ಆಕ್ಸೈಡ್ ಆಗುತ್ತದೆ, ಯಾಕೆಂದರೆ ಎರಡೆರಡು ಆವೇಶದ ಅಯಾನುಗಳ ಸೆಳೆತ ಅಷ್ಟು ಜೋರು. ಅದು ಕರಗಬೇಕಾದರೆ 2800 ಡಿಗ್ರಿ ದಾಟಬೇಕು. ಉಪ್ಪು 801ಕ್ಕೆ ಕರಗುತ್ತದೆ. ಅದಕ್ಕೇ ಕುಲುಮೆಯ ಒಳಗೋಡೆಯ ಇಟ್ಟಿಗೆಗೆ ಮೆಗ್ನೀಸಿಯಂ ಆಕ್ಸೈಡ್ ಹಾಕುವುದು.

ಹೈಸ್ಕೂಲ್_ಸೈನ್ಸ್:
ಇದು ಚೆನ್ನಾಗಿದೆ. ಮೆಗ್ನೀಸಿಯಂ ಪಟ್ಟಿ ಉರಿಸುವ ಪ್ರಯೋಗ ಹೇಗೂ ಮಾಡಿಸುತ್ತೇವೆ. ಆ ಬಿಳಿ ಬೂದಿ ತೋರಿಸಿ ‘ಇದನ್ನು ಕರಗಿಸಲು ಎಷ್ಟು ಬಿಸಿ ಬೇಕು ಗೊತ್ತಾ’ ಅಂತ ಕೇಳಬಹುದು. ಆದರೂ ದಾನಿಯ ಕಥೆ ನಾನು ಬಿಡಲ್ಲ.

ಪಿಯು_ಮೇಷ್ಟ್ರು:
ಬಿಡಬೇಡಿ. ಕಥೆ ಮುಗಿದ ಮೇಲೆ ‘ಆಮೇಲೆ ಇಬ್ಬರೂ ಯಾಕೆ ಅಂಟಿಕೊಂಡರು?’ ಅಂತ ಒಂದು ಪ್ರಶ್ನೆ ಕೇಳಿ ಸಾಕು. ಬಂಧ ಅಂದರೆ ಆ ಅಂಟಿಕೊಂಡದ್ದು. ಕೊಟ್ಟು ತಗೊಂಡದ್ದು ಅದರ ಮೊದಲಿನ ಕೆಲಸ.

ಅಮ್ಮನವರ ಎರಡನೇ ಪ್ರಶ್ನೆ ಬಾಕಿ ಇದೆ. ಕಾರ್ಬನ್‌ನಿಂದ ನಾಲ್ಕೂ ಎಲೆಕ್ಟ್ರಾನ್ ಕೀಳಲು ಒಟ್ಟು 14,000 ಕಿಲೋಜೂಲ್‌ಗಿಂತ ಜಾಸ್ತಿ ಬೇಕು. ಸೋಡಿಯಂನ 496ರ ಪಕ್ಕ ಇಟ್ಟು ನೋಡಿ. ನಾಲ್ಕು ತಗೊಳ್ಳಲು ಹೋದರೆ 6 ಪ್ರೋಟಾನ್ 10 ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳಬೇಕು, ಅದೂ ಕಷ್ಟ. ಪುಸ್ತಕದಲ್ಲಿ ಇದೇ ಕಾರಣ ಕೊಟ್ಟಿದ್ದಾರೆ, ಸಂಖ್ಯೆ ಮಾತ್ರ ಇಲ್ಲ.

ಹಂಚಿಕೊಳ್ಳುವುದರಲ್ಲಿ ಏನು ಲಾಭ? ಇದಕ್ಕೆ ಹೈಡ್ರೋಜನ್ ನೋಡಿ. ಎರಡು ನ್ಯೂಕ್ಲಿಯಸ್‌ಗಳ ಮಧ್ಯೆ ಎಲೆಕ್ಟ್ರಾನ್ ಜೋಡಿ ಇದ್ದರೆ ಎರಡೂ ನ್ಯೂಕ್ಲಿಯಸ್ ಅದನ್ನು ಸೆಳೆಯುತ್ತವೆ. ಹಾಗಾಗಿ ಹತ್ತಿರ ಬರುತ್ತವೆ. ತೀರಾ ಹತ್ತಿರ ಬಂದರೆ ಎರಡು ನ್ಯೂಕ್ಲಿಯಸ್ ಒಂದನ್ನೊಂದು ತಳ್ಳುತ್ತವೆ. ಸೆಳೆತ, ತಳ್ಳಾಟ ಸಮ ಆಗುವುದು 0.074 ನ್ಯಾನೋಮೀಟರ್ ದೂರದಲ್ಲಿ. ಬಂಧದ ಉದ್ದ ಅಂದರೆ ಇದೇ. ಇಲ್ಲಿಯೂ ಆವೇಶಗಳ ಸೆಳೆತವೇ, ಅಲ್ಲಿಯೂ ಅದೇ. ಅಯಾನಿಕ, ಸಹವೇಲೆನ್ಸೀಯ ಅಂತ ಎರಡು ಹೆಸರು ಕೊಟ್ಟ ಮಾತ್ರಕ್ಕೆ ಎರಡು ಬೇರೆ ಬಲ ಅಂದುಕೊಳ್ಳಬೇಡಿ.

ಬಯಾಲಜಿ_ಭವ್ಯ:
ಮೇಷ್ಟ್ರೇ ಒಂದು ಅನುಮಾನ. ಬಂಧ ಆದಾಗ ಶಕ್ತಿ ಹೊರಬರುತ್ತದೆ ಅಂತೀರಿ. ನಮಗೆ ಬಯಾಲಜಿಯಲ್ಲಿ ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಬಂಧ ಮುರಿದಾಗ ಶಕ್ತಿ ಬಿಡುಗಡೆ ಆಗುತ್ತದೆ ಅಂತ ಹೇಳಿಕೊಟ್ಟಿದ್ದಾರೆ. ಗ್ಯಾಸ್ ಒಲೆಯಲ್ಲೂ ಇಂಧನದ ಬಂಧ ಮುರಿದು ತಾನೇ ಬಿಸಿ ಬರುವುದು?

ಗದಗ_ಗೆಳೆಯ:
ಭವ್ಯಕ್ಕಾ, ಬಂಧ ಮುರಿಯಲು ಯಾವಾಗಲೂ ಶಕ್ತಿ ಹಾಕಲೇಬೇಕು. ಯಾವ ಬಂಧ ಆದರೂ. ಅಂಟಿಕೊಂಡದ್ದನ್ನು ಬಿಡಿಸಲು ಎಳೆಯಬೇಕಲ್ವಾ?

ಹೈಡ್ರೋಜನ್ ಉರಿಸುವ ಲೆಕ್ಕ ಹಾಕಿ ನೋಡ್ರಿ. 2 ಮೋಲ್ ಹೈಡ್ರೋಜನ್-ಹೈಡ್ರೋಜನ್ ಬಂಧ ಮುರಿಯಲು ತಲಾ 436, ಅಂದರೆ 872. ಒಂದು ಮೋಲ್ ಆಕ್ಸಿಜನ್ ಮುರಿಯಲು 498. ಒಟ್ಟು ಖರ್ಚು 1370. ಆಮೇಲೆ 2 ಮೋಲ್ ನೀರಿನ ಅಣು ಆಗುತ್ತದೆ, ಅದರಲ್ಲಿ 4 ಮೋಲ್ ಆಕ್ಸಿಜನ್-ಹೈಡ್ರೋಜನ್ ಬಂಧ, ತಲಾ ಸುಮಾರು 463. ಬಂದದ್ದು 1852. ಉಳಿಕೆ 482 ಕಿಲೋಜೂಲ್, ಅದೇ ಬಿಸಿ. ಗ್ಯಾಸ್ ಒಲೆಯಲ್ಲೂ ಹಾಗೇ. ಮುರಿಯುವ ಬಂಧಕ್ಕಿಂತ ಹೊಸದಾಗಿ ಆಗುವ ನೀರು, ಕಾರ್ಬನ್ ಡೈಆಕ್ಸೈಡ್‌ನ ಬಂಧಗಳು ಗಟ್ಟಿ. ಲೈಟರ್ ಕಿಡಿ ಯಾಕೆ ಬೇಕು ಹೇಳ್ರಿ? ಮೊದಲ ಬಂಧಗಳನ್ನು ಸಡಿಲ ಮಾಡಲು. ಕಿಡಿ ಇಲ್ಲದಿದ್ದರೆ ಗ್ಯಾಸ್ ಸುಮ್ಮನೆ ಗಾಳಿಯಲ್ಲಿ ಸೇರಿಕೊಂಡು ಇರುತ್ತದೆ.

ಬಯಾಲಜಿ_ಭವ್ಯ:
ಮತ್ತೆ ಎಟಿಪಿ?

ಪಿಯು_ಮೇಷ್ಟ್ರು:
ಎಟಿಪಿ ನೀರಿನ ಜೊತೆ ಸೇರಿ ಎಡಿಪಿ, ಫಾಸ್ಫೇಟ್ ಆಗುತ್ತದೆ. ಒಂದು ಬಂಧ ಮುರಿಯುತ್ತದೆ, ಇನ್ನೊಂದು ಆಗುತ್ತದೆ, ನೀರಿನ ಅಣುಗಳು ಸುತ್ತ ಬಂದು ಸೇರುತ್ತವೆ. ಎಲ್ಲ ಸೇರಿದ ಉಳಿಕೆಯನ್ನು ಬಯಾಲಜಿಯವರು ಚಿಕ್ಕದಾಗಿ ‘ಬಂಧ ಮುರಿದು ಬಂತು’ ಅಂತಾರೆ. ನಿಮ್ಮ ಪುಸ್ತಕದ ಮೇಲೆ ಜಗಳಕ್ಕೆ ನಾನು ಬರಲ್ಲ, ನಮ್ಮ ಸ್ಟಾಫ್ ರೂಮಿನಲ್ಲಿ ಆ ಜಗಳ ದಿನಾ ಇದ್ದದ್ದೇ.

ಮಲ್ಲೇಶ್ವರಂ_ಮೀನಾ:
ಗ್ರಾಫೈಟ್ ಪ್ರಶ್ನೆ ಯಾರೂ ಮುಟ್ಟಲಿಲ್ಲ. ವಜ್ರದಲ್ಲಿ ಒಂದೊಂದು ಕಾರ್ಬನ್ ಇನ್ನು ನಾಲ್ಕು ಕಾರ್ಬನ್‌ಗಳ ಜೊತೆ ಬಂಧ ಮಾಡಿಕೊಂಡಿದೆ. ನಾಲ್ಕು ಎಲೆಕ್ಟ್ರಾನೂ ಬುಕ್. ಓಡಾಡಲು ಯಾರೂ ಇಲ್ಲ, ವಿದ್ಯುತ್ ಹರಿಯಲ್ಲ. ಗ್ರಾಫೈಟ್‌ನಲ್ಲಿ ಮೂರರ ಜೊತೆ ಮಾತ್ರ. ನಾಲ್ಕನೇ ಎಲೆಕ್ಟ್ರಾನ್ ಇಡೀ ಹಾಳೆಯಲ್ಲಿ ಹರಡಿಕೊಂಡಿರುತ್ತದೆ, ಅದು ವಿದ್ಯುತ್ ಸಾಗಿಸುತ್ತದೆ. ಹಾಳೆಯೊಳಗೆ ಕಾರ್ಬನ್-ಕಾರ್ಬನ್ ದೂರ 0.142 ನ್ಯಾನೋಮೀಟರ್, ಹಾಳೆ ಹಾಳೆಗೆ 0.335. ಹಾಳೆಗಳ ನಡುವಿನ ಹಿಡಿತ ಸಡಿಲ, ಅದಕ್ಕೇ ಪೆನ್ಸಿಲ್ ಕಾಗದದ ಮೇಲೆ ಉಜ್ಜಿಕೊಂಡು ಬರುವುದು.

ಮಗಳಿಗೆ ಇದನ್ನು ಮಾಡಿ ತೋರಿಸಿ: 6ಬಿ ಪೆನ್ಸಿಲ್ ತಗೊಂಡು ಕಾಗದದ ಮೇಲೆ ಗಿಡ್ಡ, ದಪ್ಪ ಪಟ್ಟಿ ಎಳೆಯಿರಿ. ಮಿರಮಿರ ಹೊಳೆಯುವವರೆಗೆ ಒತ್ತಿ ಒತ್ತಿ ತಿದ್ದಬೇಕು. 9 ವೋಲ್ಟ್ ಬ್ಯಾಟರಿಯ ಒಂದು ತುದಿಗೆ ಎಲ್‌ಇಡಿಯ ಒಂದು ಕಾಲು, ಇನ್ನೊಂದು ಕಾಲು ಪೆನ್ಸಿಲ್ ಗೆರೆಯ ಮೇಲೆ, ಬ್ಯಾಟರಿಯ ಇನ್ನೊಂದು ತುದಿಯ ವೈರು ಗೆರೆಯ ಬೇರೆ ಕಡೆ. ಎಲ್‌ಇಡಿ ಮಂಕಾಗಿ ಉರಿಯುತ್ತದೆ. ವೈರನ್ನು ಗೆರೆಯ ಮೇಲೆ ಹತ್ತಿರ ತಂದಷ್ಟೂ ಬೆಳಕು ಜಾಸ್ತಿ. ಉರಿಯದಿದ್ದರೆ ಎಲ್‌ಇಡಿ ಕಾಲು ತಿರುಗಿಸಿ ಇಡಿ. ನೇರ ಬ್ಯಾಟರಿಗೆ ಮುಟ್ಟಿಸಿದರೆ ಎಲ್‌ಇಡಿ ಸುಟ್ಟುಹೋಗುತ್ತದೆ, ಮಧ್ಯೆ ಪೆನ್ಸಿಲ್ ಗೆರೆ ಇರಲೇಬೇಕು.

ಅಂದ ಹಾಗೆ, ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ ವರ್ಷಗಟ್ಟಲೆ ವಜ್ರದ ಹಿಂದೆ ಬಿದ್ದಿದ್ದರು. ಬಂಧಗಳು ಅಲುಗಾಡುವುದರಿಂದ ಚದುರಿದ ಬೆಳಕಿನ ಬಣ್ಣ ಸ್ವಲ್ಪ ಬದಲಾಗುತ್ತದೆ, ಅದೇ 1928ರ ರಾಮನ್ ಪರಿಣಾಮ. ವಜ್ರ ಅಸಲಿಯಾ ನಕಲಿಯಾ ಅಂತ ಪರೀಕ್ಷಿಸಲು ಈಗಲೂ ಲ್ಯಾಬ್‌ಗಳಲ್ಲಿ ಅದನ್ನೇ ಬಳಸುತ್ತಾರೆ.

ಅರಸೀಕೆರೆ_ಅಮ್ಮ:
ಪೆನ್ಸಿಲ್ ಪ್ರಯೋಗ ಮಾಡಿದೆವು!! ಎಚ್‌ಬಿ ಪೆನ್ಸಿಲ್‌ನಲ್ಲಿ ಉರಿಯಲೇ ಇಲ್ಲ. ಆಮೇಲೆ ಡ್ರಾಯಿಂಗ್ ಡಬ್ಬಿಯಿಂದ 6ಬಿ ತೆಗೆದಳು. ಲೈಟ್ ಆಫ್ ಮಾಡಿ ನೋಡಿದರೆ ಕೆಂಪಗೆ ಸಣ್ಣಗೆ ಕಂಡಿತು. ಈಗ ಎಚ್‌ಬಿಯಲ್ಲಿ ಯಾಕೆ ಇಲ್ಲ ಅಂತ ಕೇಳುತ್ತಿದ್ದಾಳೆ.

ಮಲ್ಲೇಶ್ವರಂ_ಮೀನಾ:
ಪೆನ್ಸಿಲ್ ಕಡ್ಡಿ ಬರೀ ಗ್ರಾಫೈಟ್ ಅಲ್ಲ, ಜೇಡಿಮಣ್ಣು ಬೆರೆಸಿರುತ್ತಾರೆ. ಬಿ ಸಂಖ್ಯೆ ಹೆಚ್ಚಿದಷ್ಟೂ ಗ್ರಾಫೈಟ್ ಜಾಸ್ತಿ, ಮಣ್ಣು ಕಡಿಮೆ. ಮಣ್ಣಿನಲ್ಲಿ ವಿದ್ಯುತ್ ಹರಿಯಲ್ಲ.

ಹಟ್ಟಿ_ಹುಡುಗ:
ಎಲ್ಲರೂ ಉಪ್ಪು, ಪೆನ್ಸಿಲ್ ಅಂತೀರಿ, ಚಿನ್ನದ ಬಗ್ಗೆ ಯಾರೂ ಮಾತಾಡವಲ್ರಿ! ನಾವು ಹಟ್ಟಿ ಕಡೆಯವರು. ಸುತ್ತಿಗೆ ಏಟಿಗೆ ಉಪ್ಪು ಪುಡಿ ಆಗುತ್ತದೆ ಅಂದ್ರು ಮಾಣಿಯವರು. ಚಿನ್ನಕ್ಕೆ ಹೊಡೆದರೆ ಹಾಳೆ ಆಗುತ್ತದೆ. 1 ಗ್ರಾಂ ಚಿನ್ನ ಬಡಿದು ಬಡಿದು ಸುಮಾರು 1 ಚದರ ಮೀಟರ್ ಮಾಡಬಹುದು. ಲೋಹದಲ್ಲಿ ಹೊರಕವಚದ ಎಲೆಕ್ಟ್ರಾನ್ ಯಾರಿಗೂ ಸ್ವಂತ ಅಲ್ಲ, ಎಲ್ಲಾ ಪರಮಾಣುಗಳ ನಡುವೆ ಹರಡಿಕೊಂಡಿರುತ್ತದೆ. ಪದರ ಜರುಗಿದರೂ ಎಲೆಕ್ಟ್ರಾನ್ ನಡುವೆ ಇದ್ದೇ ಇರುತ್ತದೆ, ಒಡೆಯಲ್ಲ. ಹತ್ತನೇ ಕ್ಲಾಸಿನಲ್ಲಿ ಲೋಹ ಬಗ್ಗುತ್ತದೆ, ತಂತಿ ಆಗುತ್ತದೆ, ವಿದ್ಯುತ್ ಹರಿಯುತ್ತದೆ ಅಂತ ಪಟ್ಟಿ ಮಾಡಿಸುತ್ತಾರೆ. ಎಲ್ಲಕ್ಕೂ ಒಂದೇ ಕಾರಣ ಅಂತ ಹೇಳಲ್ಲ. ಇದೊಂದು ನನಗೆ ಸಿಟ್ಟು.

ಕೋಲಾರ_ಕಾಕಾ:
ಚಿನ್ನ ಅಂದ ಮೇಲೆ ಕೋಲಾರದವರು ಸುಮ್ನಿರಕ್ಕಾಗುತ್ತಾ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಮಾತ್ರ ಹಾಗೇ ಇವೆ. ಗಾಳಿ ಬೀಸಿದರೆ ಊರೆಲ್ಲಾ ಧೂಳು. ಅದಿರನ್ನು ಪುಡಿ ಮಾಡಿ ಸೈನೈಡ್ ದ್ರಾವಣದಲ್ಲಿ ಹಾಕಿ, ಗಾಳಿ ಊದಿದರೆ ಚಿನ್ನ ಕರಗುತ್ತದೆ. ಆಮ್ಲಕ್ಕೂ ಜಗ್ಗದ ಚಿನ್ನ ಸೈನೈಡ್‌ಗೆ ಯಾಕೆ ಕರಗುತ್ತದೆ ಅಂತ ಯಾರಾದರೂ ಹೇಳಿ ನೋಡೋಣ.

ಸಿಇಟಿ_ಕನಸು:
ಈಗ ಮಾತಾಡಬಹುದಾ ಸರ್? 😁 ಒಂದು ಚಿನ್ನದ ಅಯಾನಿಗೆ ಎರಡು ಸೈನೈಡ್ ಬಂದು ಸೇರುತ್ತವೆ. ಸೈನೈಡ್ ತನ್ನ ಎಲೆಕ್ಟ್ರಾನ್ ಜೋಡಿ ಕೊಡುತ್ತದೆ, ಚಿನ್ನ ಏನೂ ಹಾಕಲ್ಲ. ಜೋಡಿಯಲ್ಲಿ ಎರಡೂ ಎಲೆಕ್ಟ್ರಾನ್ ಒಬ್ಬರದ್ದೇ. ಕೋಆರ್ಡಿನೇಟ್ ಬಾಂಡ್. ಆ ಬಂಧ ತುಂಬಾ ಗಟ್ಟಿ, ಹಾಗಾಗಿ ಗಾಳಿಯ ಆಕ್ಸಿಜನ್ ಕೂಡ ಚಿನ್ನದ ಎಲೆಕ್ಟ್ರಾನ್ ಕೀಳಲು ಸಾಕಾಗುತ್ತದೆ.

ಹೈಸ್ಕೂಲ್_ಸೈನ್ಸ್:
ಭಲೇ ತಮ್ಮಾ. ಇದನ್ನು ಒಪ್ಪಿಕೊಂಡೆ.

ಲಾಸ್ಟ್‌ಬೆಂಚ್_ಲೋಕ:
ನನಗೆ ನೆನಪಿರೋದು ಒಂದೇ: ಲೋಹ + ಅಲೋಹ = ಅಯಾನಿಕ, ಅಲೋಹ + ಅಲೋಹ = ಸಹವೇಲೆನ್ಸೀಯ. ಇದಾದರೂ ಸರಿ ತಾನೇ?

ಪಿಯು_ಮೇಷ್ಟ್ರು:
ಮುಕ್ಕಾಲು ಪಾಲು ಸರಿ ಲೋಕಣ್ಣ. ಆದರೆ ಅಲ್ಯೂಮಿನಿಯಂ ಕ್ಲೋರೈಡ್ ನೋಡಿ. ಲೋಹ, ಅಲೋಹ ಎರಡೂ ಇವೆ. ನೀರಿಲ್ಲದ ಪುಡಿಯನ್ನು ಬಿಸಿ ಮಾಡಿದರೆ 180 ಡಿಗ್ರಿ ಆಸುಪಾಸಿನಲ್ಲೇ ಆವಿ ಆಗಿ ಹಾರುತ್ತದೆ, ಉಪ್ಪಿನ ಹಾಗೆ 801ರವರೆಗೆ ಕಾಯಲ್ಲ. ಆವಿಯಲ್ಲಿ ಇರುವುದು ಸಹವೇಲೆನ್ಸೀಯ ಅಣುಗಳು. ಪೌಲಿಂಗ್ 1932ರಲ್ಲಿ ಎಲೆಕ್ಟ್ರಾನ್ ಎಳೆಯುವ ಶಕ್ತಿಗೆ ಒಂದು ಅಳತೆ ಕೊಟ್ಟರು. ಸೋಡಿಯಂ 0.93, ಕ್ಲೋರಿನ್ 3.16, ವ್ಯತ್ಯಾಸ 2.23, ಅಯಾನಿಕ ಅನ್ನಬಹುದು. ಅಲ್ಯೂಮಿನಿಯಂ 1.61, ವ್ಯತ್ಯಾಸ 1.55, ನಡುವಿನದು. ಎರಡು ಡಬ್ಬಿ ಇಟ್ಟು ಎಲ್ಲವನ್ನೂ ಯಾವುದಾದರೂ ಒಂದಕ್ಕೆ ಹಾಕಲು ಹೋದರೆ ಇಂಥವು ಹೊರಗೆ ಉಳಿಯುತ್ತವೆ.

ಗದಗ_ಗೆಳೆಯ:
ಇದರ ಉಲ್ಟಾ ಉದಾಹರಣೆ ನವಸಾಗರ. ಕಲಾಯಿ ಹಾಕುವವರು ಬಿಸಿ ಪಾತ್ರೆಗೆ ಬಿಳಿ ಪುಡಿ ಎಸೆದು ಹತ್ತಿ ಬಟ್ಟೆಯಲ್ಲಿ ಉಜ್ಜುತ್ತಿದ್ದರಲ್ಲ, ಅದು. ಅಮೋನಿಯಂ ಕ್ಲೋರೈಡ್. ನೈಟ್ರೋಜನ್, ಹೈಡ್ರೋಜನ್, ಕ್ಲೋರಿನ್, ಒಂದೂ ಲೋಹ ಅಲ್ಲ. ಆದರೂ ಅಯಾನಿಕ! ಕಾದ ಪಾತ್ರೆಗೆ ಬಿದ್ದ ಕೂಡಲೇ ಅಮೋನಿಯ, ಹೈಡ್ರೋಜನ್ ಕ್ಲೋರೈಡ್ ಅಂತ ಒಡೆಯುತ್ತದೆ. ಹೈಡ್ರೋಜನ್ ಕ್ಲೋರೈಡ್ ತಾಮ್ರದ ಮೇಲಿನ ಆಕ್ಸೈಡ್ ತಿಂದುಹಾಕುತ್ತದೆ, ತವರ ಚೆನ್ನಾಗಿ ಹತ್ತುತ್ತದೆ. ಮೇಲೆ ಹೋದ ಎರಡೂ ಅನಿಲ ತಣ್ಣಗಾಗಿ ಮತ್ತೆ ಸೇರಿದರೆ ಆ ಬಿಳಿ ಹೊಗೆ. ಮೂಗಿಗೆ ಘಾಟು. ಮನೆಯೊಳಗೆ ಮಾತ್ರ ಮಾಡಲು ಹೋಗಬೇಡ್ರಿ.

ಬಯಾಲಜಿ_ಭವ್ಯ:
ನೀರು ಕುದಿಸಿದಾಗ ಹೈಡ್ರೋಜನ್, ಆಕ್ಸಿಜನ್ ಬೇರೆ ಆಗುತ್ತದೆ ಅಂತ ನನ್ನ ತಮ್ಮ ಬರೆದಿದ್ದಾನೆ. ತಪ್ಪು ತಾನೇ?

ಪಿಯು_ಮೇಷ್ಟ್ರು:
ತಪ್ಪು. ಹಾಗಾಗಿದ್ದರೆ ಕಾಫಿ ಕಾಸುವಾಗ ಮನೆ ಹಾರಿಹೋಗುತ್ತಿತ್ತು. ಕುದಿಸಿದಾಗ ಅಣುವಿನ ಒಳಗಿನ 463 ಕಿಲೋಜೂಲ್ ಬಂಧ ಹಾಗೇ ಇರುತ್ತದೆ. ಬಿಡುವುದು ಅಣು-ಅಣುಗಳ ನಡುವಿನ ಹೈಡ್ರೋಜನ್ ಬಂಧ, ಅದು 20ರ ಆಸುಪಾಸು. ಅಷ್ಟಾದರೂ ಇರುವುದಕ್ಕೇ ನೀರು 100 ಡಿಗ್ರಿಗೆ ಕುದಿಯುವುದು. ಅದಿಲ್ಲದ ಹೈಡ್ರೋಜನ್ ಸಲ್ಫೈಡ್ ಮೈನಸ್ 60ಕ್ಕೇ ಕುದಿಯುತ್ತದೆ.

ಇದೇ ಜಾಗದಲ್ಲಿ ಮಕ್ಕಳು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ‘ಸಹವೇಲೆನ್ಸೀಯ ಬಂಧ ದುರ್ಬಲ, ಆದ್ದರಿಂದ ಕರಗುವ ಬಿಂದು ಕಡಿಮೆ’ ಅಂತ ಬರೆಯುತ್ತಾರೆ. ಬಂಧ ದುರ್ಬಲ ಅಲ್ಲ. ಬೀರುವಿನ ನ್ಯಾಫ್ತಲಿನ್ ಗುಳಿಗೆ 80 ಡಿಗ್ರಿಗೆ ಕರಗುತ್ತದೆ, ಆದರೆ ಕರಗಿದ ಮೇಲೂ ನ್ಯಾಫ್ತಲಿನ್ನೇ. ‘ಅಣುಗಳ ನಡುವಿನ ಆಕರ್ಷಣೆ ದುರ್ಬಲ’ ಅಂತ ಬರೆಯಬೇಕು. ವಜ್ರದಲ್ಲಿ ಇರುವುದೂ ಅದೇ ಸಹವೇಲೆನ್ಸೀಯ ಬಂಧ, ಅದನ್ನು ದುರ್ಬಲ ಅನ್ನಲು ಆಗುತ್ತಾ?

ಅರಸೀಕೆರೆ_ಅಮ್ಮ:
ಸರ್, ಪರೀಕ್ಷೆಯಲ್ಲಿ ‘ಅಯಾನಿಕ ಸಂಯುಕ್ತಗಳ ಕರಗುವ ಬಿಂದು ಹೆಚ್ಚು, ಏಕೆ?’ ಅಂದರೆ ಏನು ಬರೆಯಬೇಕು? 787 ಬರೆಯಬೇಕಾ?

ಹೈಸ್ಕೂಲ್_ಸೈನ್ಸ್:
ಬೇಡಮ್ಮ. ಇದು ನನ್ನ ಇಲಾಖೆ, ನಾನು ಹೇಳುತ್ತೇನೆ. ‘ವಿರುದ್ಧ ಆವೇಶದ ಅಯಾನುಗಳ ನಡುವೆ ಪ್ರಬಲ ಆಕರ್ಷಣೆ ಇದೆ, ಅದನ್ನು ಮೀರಲು ಹೆಚ್ಚು ಶಕ್ತಿ ಬೇಕು.’ ಇಷ್ಟೇ. ವಿದ್ಯುತ್ ಪ್ರಶ್ನೆ ಬಂದರೆ ‘ಘನಸ್ಥಿತಿಯಲ್ಲಿ ಅಯಾನುಗಳು ಚಲಿಸಲಾರವು, ಕರಗಿದಾಗ ಅಥವಾ ನೀರಿನಲ್ಲಿ ಚಲಿಸುತ್ತವೆ’ ಅಂತ ಬರೆಯಲಿ. ಅಲ್ಲಿ ಚಲಿಸುವುದು ಅಯಾನು, ಎಲೆಕ್ಟ್ರಾನ್ ಅಂತ ಬರೆದರೆ ಮಾರ್ಕ್ಸ್ ಹೋಯಿತು.

ಸಿಇಟಿ_ಕನಸು:
ಅಮೋನಿಯಂ ಅಯಾನಿನ ಚುಕ್ಕಿ ರಚನೆ ಬರೆದರೆ ಸುತ್ತ ಚೌಕ ಆವರಣ ಹಾಕಲೇಬೇಕಾ ಸರ್?

ಹೈಸ್ಕೂಲ್_ಸೈನ್ಸ್:
ಹಾಕಬೇಕು. ಪ್ಲಸ್ ಗುರುತು ಆವರಣದ ಹೊರಗೆ, ಮೇಲೆ ಬಲಗಡೆ. ನೈಟ್ರೋಜನ್ ತಲೆ ಮೇಲೆ ಇಟ್ಟರೆ ನಾನು ಅರ್ಧ ಮಾರ್ಕ್ ಕಟ್ ಮಾಡುತ್ತೇನೆ.